ನಿಂತ ಗಾಡಿಯ ಟೆಸ್ಟು, ಓಡುವ ಗಾಡಿಯ ಹೊಗೆ

ಕಳೆದ ತಿಂಗಳು ನಮ್ಮ ಕಾರಿನ ಎಮಿಷನ್ ಸರ್ಟಿಫಿಕೇಟ್ ಅವಧಿ ಮುಗಿದಿತ್ತು. ಪೆಟ್ರೋಲ್ ಬಂಕಿನ ಮೂಲೆಯಲ್ಲಿದ್ದ ಸಣ್ಣ ಗೂಡಿನ ಮುಂದೆ ಗಾಡಿ ನಿಲ್ಲಿಸಿದೆ. ಹುಡುಗ ಬಂದು ಸೈಲೆನ್ಸರ್ ಬಾಯಿಗೆ ಒಂದು ಕೊಳವೆ ಸಿಕ್ಕಿಸಿದ. ನಂಬರ್ ಪ್ಲೇಟಿನ ಫೋಟೊ ಹೊಡೆದ. ‘ಆಫ್ ಮಾಡ್ಬೇಡಿ ಸಾರ್, ಒಂದ್ಸಲ ರೇಸ್ ಮಾಡಿ’ ಅಂದ. ಮಾಡಿದೆ. ಪಕ್ಕದ ಅಂಗಡಿಯಿಂದ ಟೀ ತರಿಸೋಣ ಅಂದುಕೊಳ್ಳುವಷ್ಟರಲ್ಲಿ ಪ್ರಿಂಟ್ ಕೈಗೆ ಬಂತು. ಪಾಸು!

ಸುಮ್ನೆ ಕುತೂಹಲಕ್ಕೆ ಆ ಹಾಳೆಯನ್ನು ಓದಿದೆ. ಕಾರ್ಬನ್ ಮಾನಾಕ್ಸೈಡ್ ಇಷ್ಟು, ಹೈಡ್ರೊಕಾರ್ಬನ್ ಇಷ್ಟು ಎಂದಿತ್ತು. ನನ್ನದು ಪೆಟ್ರೋಲ್ ಗಾಡಿ, ಹಾಗಾಗಿ ಇವೆರಡು. ಡೀಸೆಲ್ ಆಗಿದ್ದರೆ ಹೊಗೆ ಎಷ್ಟು ದಟ್ಟವಾಗಿದೆ ಎಂದಷ್ಟೇ ನೋಡುತ್ತಿದ್ದರು. ಊರಿನ ಗಾಳಿ ಕೆಡಿಸುವ ಮುಖ್ಯ ಅನಿಲಗಳಲ್ಲಿ ಒಂದಾದ ನೈಟ್ರೋಜನ್ ಆಕ್ಸೈಡ್‌ಗಳಿಗೆ ಆ ಹಾಳೆಯಲ್ಲಿ ಜಾಗವೇ ಇಲ್ಲ. ಇದು ಆ ಹುಡುಗನ ತಪ್ಪಲ್ಲ, ಬಂಕಿನ ತಪ್ಪೂ ಅಲ್ಲ. ನಿಯಮವೇ ಹಾಗಿದೆ. ಪೆಟ್ರೋಲ್, ಸಿಎನ್‌ಜಿ, ಡೀಸೆಲ್ ಯಾವುದೇ ಇರಲಿ, ನಮ್ಮ ಪಿಯುಸಿ, ಅಂದರೆ ಈ ಎಮಿಷನ್ ಪರೀಕ್ಷೆ, ಈ ಅನಿಲವನ್ನು ಅಳೆಯುವುದಿಲ್ಲ.

ಅಳೆಯಲು ಹೋದರೂ ನಿಂತ ಗಾಡಿಯಲ್ಲಿ ದೊಡ್ಡದಾಗಿ ಏನೂ ಸಿಗುವುದಿಲ್ಲ. ಎಂಜಿನ್ ಒಳಗೆ ಬಿಸಿಯೂ ಒತ್ತಡವೂ ಏರಿದಾಗ ಗಾಳಿಯಲ್ಲೇ ಇರುವ ನೈಟ್ರೋಜನ್ ಮತ್ತು ಆಮ್ಲಜನಕ ಕೂಡಿಕೊಂಡು ಈ ಆಕ್ಸೈಡ್‌ಗಳು ಹುಟ್ಟುತ್ತವೆ. ಎಂಜಿನ್ ಬಿಸಿಯಾಗಬೇಕಾದರೆ ಅದಕ್ಕೆ ಭಾರ ಬೀಳಬೇಕು. ಏರು ಹತ್ತಬೇಕು, ಸಿಗ್ನಲ್ ಬಿಟ್ಟ ಕೂಡಲೇ ನುಗ್ಗಬೇಕು, ಐದು ಜನ ಕೂತು ಎಸಿ ಹಾಕಿರಬೇಕು. ಬಂಕಿನ ನೆರಳಲ್ಲಿ ಗುರುಗುಡುತ್ತಾ ನಿಂತ ಗಾಡಿಗೆ ಇದ್ಯಾವುದೂ ಇಲ್ಲ. ನಾಡಿ ಹಿಡಿದು ನೋಡಿ ‘ಮೆಟ್ಟಿಲು ಹತ್ತುವಾಗ ಏದುಸಿರು ಬರಲ್ಲ ಬಿಡಿ’ ಎಂದು ಹೇಳಿದ ಹಾಗೆ ಇದು.

ಈ ಅನಿಲಗಳನ್ನು ಒಟ್ಟಾಗಿ ನಾಕ್ಸ್ ಎನ್ನುತ್ತಾರೆ. ನಾನೂ ಇನ್ನು ಹಾಗೇ ಬರೆಯುತ್ತೇನೆ. ಸೈಲೆನ್ಸರಿನಿಂದ ಹೊರಬರುವಾಗ ಇದು ಕಣ್ಣಿಗೆ ಕಾಣುವುದಿಲ್ಲ. ಆಮೇಲೆ ಬಿಸಿಲಿಗೆ ಸಿಕ್ಕಿ ಓಝೋನ್ ಹುಟ್ಟಲು ಕಾರಣವಾಗುತ್ತದೆ, ನುಣ್ಣನೆಯ ಕಣಗಳಾಗಿಯೂ ಬದಲಾಗುತ್ತದೆ. ಹಾಗಾಗಿ ಕಪ್ಪು ಹೊಗೆ ಬಿಡುವ ಹಳೇ ಲಾರಿಯನ್ನು ಬೈಯುತ್ತಾ ನಾವು ಹಿಂದೆ ನಿಂತಿರುತ್ತೇವೆ. ಪಕ್ಕದಲ್ಲಿ ಏನೂ ಕಾಣದಂತೆ ನಾಕ್ಸ್ ಬಿಡುತ್ತಿರುವ ಹೊಸ ಗಾಡಿಯ ಕಡೆ ತಿರುಗಿಯೂ ನೋಡುವುದಿಲ್ಲ.

ಹಾಗಾದರೆ ಹೊಸ ಗಾಡಿಗಳಿಗೆ ಕಂಪನಿಯ ಹಂತದಲ್ಲಿ ನಾಕ್ಸ್ ಪರೀಕ್ಷೆ ಇಲ್ಲವೇ ಎಂದರೆ, ಇದೆ. ಕಟ್ಟುನಿಟ್ಟಾಗಿಯೇ ಇದೆ. ಡೀಸೆಲ್ ಕಾರು ಕಿಲೋಮೀಟರಿಗೆ 250 ಮಿಲಿಗ್ರಾಂ ನಾಕ್ಸ್ ಬಿಡಬಹುದು ಎಂದು ಹೊಗೆಯ ಮಿತಿ ಹೇಳುವ ನಮ್ಮ ನಿಯಮ ಬಿಎಸ್-4 (ಭಾರತ್ ಸ್ಟೇಜ್-4) ಹೇಳುತ್ತಿತ್ತು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಅದನ್ನು 80ಕ್ಕೆ ಇಳಿಸಿತು. ತೊಂದರೆ ಇದ್ದದ್ದು ಮಿತಿಯಲ್ಲಲ್ಲ, ಅಳೆಯುವ ರೀತಿಯಲ್ಲಿ. ಕಾರನ್ನು ಪ್ರಯೋಗಾಲಯದಲ್ಲಿ ರೋಲರುಗಳ ಮೇಲೆ ನಿಲ್ಲಿಸಿ, ಮೊದಲೇ ಬರೆದಿಟ್ಟ ವೇಗದ ಪಟ್ಟಿಯ ಪ್ರಕಾರ 1,180 ಸೆಕೆಂಡು ಓಡಿಸುತ್ತಾರೆ. ಯುರೋಪಿನ ಹಳೆಯ ಪಟ್ಟಿಯನ್ನೇ ಸ್ವಲ್ಪ ತಿದ್ದಿ, ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರ್ ಎಂದು ಇಳಿಸಿ ನಾವು ಇಟ್ಟುಕೊಂಡಿದ್ದೇವೆ. ಆ ಪಟ್ಟಿಯ ನಗರದ ಭಾಗದಲ್ಲಿ ಕಾರು ನಿಂತಲ್ಲಿಂದ 50 ಕಿಲೋಮೀಟರ್ ವೇಗ ಮುಟ್ಟಲು 26 ಸೆಕೆಂಡು ತೆಗೆದುಕೊಳ್ಳುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಒಮ್ಮೆ ಹಾಗೆ ಹೊರಟು ನೋಡಿ. ಹಿಂದಿನವರ ಹಾರ್ನಿಗೆ ನಿಮ್ಮ ಕಿವಿ ಉಳಿಯುವುದಿಲ್ಲ.

ಪಟ್ಟಿ ಗೊತ್ತಿದ್ದರೆ ಅದಕ್ಕೆ ತಕ್ಕಂತೆ ಎಂಜಿನ್ ಹೊಂದಿಸುವುದೂ ಗೊತ್ತಿರುತ್ತದೆ. ಇದರ ದೊಡ್ಡ ಕತೆ ಎಲ್ಲರಿಗೂ ಗೊತ್ತಿರುವ ಫೋಕ್ಸ್‌ವ್ಯಾಗನ್ ಹಗರಣ. ಅದನ್ನು ಹೊರಗೆಳೆದ ಕೆಲಸದಲ್ಲಿ ಬೆಂಗಳೂರಿನ ಒಬ್ಬರು ಇದ್ದರು ಎನ್ನುವುದು ನಮ್ಮಲ್ಲಿ ಅಷ್ಟಾಗಿ ಸುದ್ದಿಯಾಗಲಿಲ್ಲ. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಣ್ಣ ತಂಡ ಅದು. ಹೇಮಂತ್ ಕಪ್ಪಣ್ಣ ಆಗ ಅಲ್ಲಿ ವಿದ್ಯಾರ್ಥಿ. ಜೊತೆಗೆ ಅರವಿಂದ್ ತಿರುವೆಂಗಡಂ, ಮಾರ್ಕ್ ಬೆಶ್, ಮಾರ್ಗದರ್ಶಕರಾಗಿ ಡ್ಯಾನ್ ಕಾರ್ಡರ್. ಅವರಿಗೆ ಕೆಲಸ ಒಪ್ಪಿಸಿದ್ದು ಐಸಿಸಿಟಿ ಎಂಬ ಸಂಶೋಧನಾ ಸಂಸ್ಥೆ. ಅದರ ಉದ್ದೇಶವಂತೂ ಯಾರನ್ನೂ ಹಿಡಿಯುವುದಾಗಿರಲಿಲ್ಲ. ಅಮೆರಿಕದ ನಿಯಮ ಬಿಗಿ, ಅಲ್ಲಿ ಮಾರುವ ಡೀಸೆಲ್ ಕಾರು ರಸ್ತೆಯಲ್ಲೂ ಶುದ್ಧವಾಗಿರುತ್ತದೆ, ಅದನ್ನು ತೋರಿಸಿ ಯುರೋಪಿನವರಿಗೆ ‘ನೀವೂ ಹೀಗೆ ಮಾಡಿ’ ಎನ್ನೋಣ ಎಂಬ ಲೆಕ್ಕ.

2013ರಲ್ಲಿ ಮೂರು ಡೀಸೆಲ್ ಕಾರುಗಳನ್ನು ಹಿಡಿದುಕೊಂಡು ಅವರು ಕ್ಯಾಲಿಫೋರ್ನಿಯಾದ ರಸ್ತೆಗಿಳಿದರು. ಸೈಲೆನ್ಸರಿಗೆ ಪೈಪು ಜೋಡಿಸಿ, ಹಿಂಬದಿಯಲ್ಲಿ ಅನಿಲ ಅಳೆಯುವ ಯಂತ್ರ ಇಟ್ಟು, ಅದಕ್ಕೆ ಕರೆಂಟು ಕೊಡಲು ಜನರೇಟರು ಕಟ್ಟಿಕೊಂಡು ಹೊರಟ ಕಾರು. ಅದರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಪಸಾಟ್ ಅಂತೂ ಲಾಸ್ ಏಂಜಲೀಸ್‌ನಿಂದ ಸಿಯಾಟಲ್‌ಗೆ ಹೋಗಿ ವಾಪಸು ಬಂತು, ಹೆಚ್ಚುಕಮ್ಮಿ 4,000 ಕಿಲೋಮೀಟರ್. ಲೆಕ್ಕ ನೋಡಿದರೆ ಪಸಾಟ್ ಮಿತಿಗಿಂತ 5ರಿಂದ 20 ಪಟ್ಟು, ಅದೇ ಕಂಪನಿಯ ಜೆಟ್ಟಾ 15ರಿಂದ 35 ಪಟ್ಟು ನಾಕ್ಸ್ ಬಿಡುತ್ತಿದ್ದವು. ಮೂರನೆಯದಾದ ಬಿಎಂಡಬ್ಲ್ಯು ಬಹುಪಾಲು ಸರಿಯಾಗಿಯೇ ಇತ್ತು. ಹಾಗಾಗಿ ಯಂತ್ರ ಕೆಟ್ಟಿದೆ ಎನ್ನುವಂತಿರಲಿಲ್ಲ. ಪ್ರಯೋಗಾಲಯದಲ್ಲಿ ಮಾತ್ರ ಎಲ್ಲವೂ ಪಾಸು. ಕಾರಿನೊಳಗಿನ ಸಾಫ್ಟ್‌ವೇರ್ ‘ಈಗ ಟೆಸ್ಟ್ ನಡೆಯುತ್ತಿದೆ’ ಎಂದು ಗುರುತಿಸಿ ಒಳ್ಳೆಯ ಹುಡುಗನಂತೆ ನಡೆದುಕೊಳ್ಳುತ್ತಿತ್ತು. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂಸ್ಥೆ ನೋಟಿಸು ಕೊಟ್ಟಿತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಆ ಸಾಫ್ಟ್‌ವೇರ್ ಇತ್ತು. ಭಾರತದಲ್ಲಿ ಸುಮಾರು 3.2 ಲಕ್ಷ ಕಾರುಗಳನ್ನು ಕಂಪನಿ ವಾಪಸು ಕರೆಯಿತು. 2019ರಲ್ಲಿ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ಹಾಕಿತು. ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು.

ಅಮೆರಿಕದ ಆ ನೋಟಿಸಿಗಿಂತ ಎರಡು ವರ್ಷ ಮೊದಲೇ ನಮ್ಮಲ್ಲೊಂದು ಹಗರಣ ಆಗಿತ್ತು. ಟವೆರಾ ನೆನಪಿದೆಯಾ? ಮದುವೆಗೆ, ಧರ್ಮಸ್ಥಳಕ್ಕೆ, ಸುಬ್ರಹ್ಮಣ್ಯಕ್ಕೆ ಹೋಗಲು ‘ಒಂದು ಟವೆರಾ ಮಾಡಿಕೊಳ್ಳೋಣ’ ಎನ್ನುತ್ತಿದ್ದ ಕಾಲ. 2013ರ ಜುಲೈನಲ್ಲಿ ಜನರಲ್ ಮೋಟಾರ್ಸ್ 1.14 ಲಕ್ಷ ಟವೆರಾಗಳನ್ನು ವಾಪಸು ಕರೆಯಿತು. ಕಡಿಮೆ ಹೊಗೆ ಬಿಡುವ ಎಂಜಿನ್‌ಗಳನ್ನು ಆರಿಸಿ, ತಪಾಸಣೆಗೆ ಹೋಗುವ ಗಾಡಿಗಳಿಗೆ ಅವನ್ನೇ ಕೂರಿಸುತ್ತಿದ್ದರು ಎನ್ನುವುದು ಬಯಲಿಗೆ ಬಂತು. ಸಂತೆಯಲ್ಲಿ ಬುಟ್ಟಿಯ ಮೇಲೆ ಕೆಂಪಗಿನ ಟೊಮೆಟೊ ಜೋಡಿಸುವ ಕೆಲಸವೇ. ಸಾಫ್ಟ್‌ವೇರ್ ಕೂಡ ಬೇಕಾಗಿರಲಿಲ್ಲ. 2005ರಿಂದ ತಯಾರಾದ ಗಾಡಿಗಳು ಆ ಪಟ್ಟಿಯಲ್ಲಿದ್ದವು. ಅಷ್ಟು ವರ್ಷ ಆ ಟವೆರಾಗಳ ಮಾಲೀಕರು ನಿಷ್ಠೆಯಿಂದ ಎಮಿಷನ್ ಟೆಸ್ಟ್ ಮಾಡಿಸುತ್ತಲೇ ಇದ್ದರು ಅನ್ನುವುದನ್ನು ಮರೆಯಬಾರದು.

ನನ್ನ ಮಟ್ಟಿಗೆ ವಿಷಯದ ಗಂಟು ಇರುವುದು ಇಲ್ಲೇ. ನಮ್ಮ ಪಿಯುಸಿ ವ್ಯವಸ್ಥೆ ಯಾವಾಗಲೂ ಗಾಡಿಯ ಮಾಲೀಕನನ್ನು ಮಾತ್ರ ಪ್ರಶ್ನಿಸುತ್ತದೆ. ಸರ್ಟಿಫಿಕೇಟ್ ಇಲ್ಲದಿದ್ದರೆ ಕಾನೂನಿನ ಪ್ರಕಾರ ದಂಡ 10,000 ರೂಪಾಯಿವರೆಗೆ ಹೋಗಬಹುದು. ಆದರೆ ಆ ಮಾದರಿಯ ಗಾಡಿಗಳೆಲ್ಲವೂ ರಸ್ತೆಯಲ್ಲಿ ಮಿತಿ ಮೀರುತ್ತಿದ್ದರೆ? ಒಂದೊಂದೇ ಗಾಡಿಯನ್ನು ನಿಲ್ಲಿಸಿ, ಎಂಜಿನ್ ಸುಮ್ಮನೆ ತಿರುಗುವಾಗ ನೋಡಿದರೆ ಅದು ಎಂದಿಗೂ ಗೊತ್ತಾಗುವುದಿಲ್ಲ.

ಅಷ್ಟಕ್ಕೂ ಆ ಪರೀಕ್ಷೆಯಾದರೂ ಸರಿಯಾಗಿ ನಡೆಯುತ್ತದೆಯೇ? ದೆಹಲಿಯ ಬಗ್ಗೆ ಸಿಎಜಿ ಕೊಟ್ಟ ವರದಿಯಲ್ಲಿ ಒಂದು ಲೆಕ್ಕವಿದೆ. ಮಿತಿ ಮೀರಿದ್ದರೂ ಪಾಸಾದ ಗಾಡಿಗಳು 1.08 ಲಕ್ಷ. ಪರೀಕ್ಷೆ, ಪ್ರಿಂಟು ಎಲ್ಲವೂ ಒಂದೇ ನಿಮಿಷದಲ್ಲಿ ಮುಗಿದ ಪ್ರಕರಣಗಳು 76,865. ಇನ್ನು 7,643 ಸಲ ಒಂದೇ ಕೇಂದ್ರದಲ್ಲಿ ಒಂದೇ ಹೊತ್ತಿಗೆ ಒಂದಕ್ಕಿಂತ ಹೆಚ್ಚು ಗಾಡಿಗಳ ಪರೀಕ್ಷೆ ನಡೆದಿತ್ತು. ಎರಡು ನಿಮಿಷ ತೆಗೆದುಕೊಂಡ ನಮ್ಮ ಹುಡುಗ ಪ್ರಾಮಾಣಿಕನೇ ಅನ್ನಬೇಕು.

ಫೋಕ್ಸ್‌ವ್ಯಾಗನ್ ಪ್ರಕರಣದ ನಂತರ ಯುರೋಪು 2017ರಿಂದ ಹೊಸ ಮಾದರಿಗಳಿಗೆ ರಸ್ತೆಯ ಮೇಲಿನ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಕಾರಿಗೆ ಅಳತೆಯ ಯಂತ್ರ ಕಟ್ಟಿ ನಗರ, ಹಳ್ಳಿ ರಸ್ತೆ, ಹೆದ್ದಾರಿ ಮೂರರಲ್ಲೂ ಒಂದೂವರೆಯಿಂದ ಎರಡು ಗಂಟೆ ಓಡಿಸಬೇಕು. ಮೊದಮೊದಲು ಪ್ರಯೋಗಾಲಯದ ಮಿತಿಯ 2.1 ಪಟ್ಟು ನಾಕ್ಸ್ ಬಿಟ್ಟರೂ ಪಾಸು ಎನ್ನುವ ರಿಯಾಯಿತಿ ಇತ್ತು, ಆಮೇಲೆ 1.43 ಪಟ್ಟಿಗೆ ಇಳಿಯಿತು. ಭಾರತದಲ್ಲಿ 2023ರ ಏಪ್ರಿಲ್‌ನಿಂದ ಇದೇ ಬಗೆಯ ಪರೀಕ್ಷೆ ಬಂದಿದೆ. ಆ ಹೊತ್ತಿಗೆ ಕೆಲವು ಸಣ್ಣ ಡೀಸೆಲ್ ಕಾರುಗಳು ಶೋರೂಮಿನಿಂದ ಸದ್ದಿಲ್ಲದೆ ಮಾಯವಾದವು. ನಿಯಮ ಪಾಲಿಸುವ ಖರ್ಚು ಗಿಟ್ಟುವುದಿಲ್ಲ ಎಂದು ಕಂಪನಿಗಳು ಲೆಕ್ಕ ಹಾಕಿದ್ದವು.

ಒಳ್ಳೆಯ ಹೆಜ್ಜೆಯೇ. ಆದರೆ ಈ ಯಂತ್ರ ದುಬಾರಿ, ಕಟ್ಟಿ ಬಿಚ್ಚಲು ಗಂಟೆಗಟ್ಟಲೆ ಬೇಕು. ಒಂದೆರಡು ಗಾಡಿಗೆ ಕಟ್ಟಬಹುದು, ಊರಿನ ಗಾಡಿಗಳಿಗೆಲ್ಲ ಕಟ್ಟಲು ಆಗುವುದಿಲ್ಲ. ಶೋರೂಮಿನಿಂದ ಬಂದ ಗಾಡಿ ಹಳದಿ ಬೋರ್ಡ್ ಹಾಕಿಕೊಂಡು, ಮೂರು ವರ್ಷ ಹಗಲುರಾತ್ರಿ ಏರ್‌ಪೋರ್ಟ್ ಟ್ರಿಪ್ ಹೊಡೆದ ಮೇಲೆ ಏನಾಗಿರುತ್ತದೆ? ಅದಕ್ಕೆ ಬೇರೆಯೇ ಉಪಾಯ ಬೇಕು.

ಆ ಉಪಾಯ ಹೊಸದೇನಲ್ಲ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಡೆನ್ವರ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಡೊನಾಲ್ಡ್ ಸ್ಟೆಡ್‌ಮನ್ ಮತ್ತು ಅವರ ತಂಡ ಇದನ್ನು ಮಾಡಿ ತೋರಿಸಿದರು. ರಸ್ತೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಕಣ್ಣಿಗೆ ಕಾಣದ ಬೆಳಕಿನ ಕಿರಣ ಹಾಯಿಸುವುದು. ಇನ್‌ಫ್ರಾರೆಡ್ ಮತ್ತು ಅಲ್ಟ್ರಾವಯೊಲೆಟ್ ಕಿರಣಗಳು. ಕಾರು ಹಾದುಹೋದ ಮೇಲೆ ಅದರ ಹಿಂದೆ ಉಳಿಯುವ ಹೊಗೆಯ ಬಾಲ ಆ ಬೆಳಕನ್ನು ಸ್ವಲ್ಪ ಹೀರಿಕೊಳ್ಳುತ್ತದೆ. ಯಾವ ಅನಿಲ ಯಾವ ಬಣ್ಣದ ಬೆಳಕು ಹೀರುತ್ತದೆ ಎನ್ನುವುದು ಗೊತ್ತಿದೆ. ಅಳೆಯಲು ಅರ್ಧ ಸೆಕೆಂಡು ಸಾಕು. ಗಾಡಿ ನಿಲ್ಲಿಸಬೇಕಿಲ್ಲ, ಡ್ರೈವರಿಗೆ ಗೊತ್ತೂ ಆಗುವುದಿಲ್ಲ. ಜೊತೆಗೆ ವೇಗ ಮತ್ತು ವೇಗ ಏರಿದ ಪ್ರಮಾಣ ಅಳೆಯುವ ಸಾಧನ, ನಂಬರ್ ಪ್ಲೇಟ್ ಓದುವ ಕ್ಯಾಮೆರಾ.

ಇಲ್ಲೊಂದು ಪ್ರಶ್ನೆ ಬರಬೇಕು. ಹೊಗೆ ಹೊರಗೆ ಬಂದ ಕೂಡಲೇ ಗಾಳಿಯಲ್ಲಿ ಚದುರಿ ತೆಳುವಾಗುತ್ತದಲ್ಲ, ಆಗ ಎಷ್ಟಿತ್ತು ಅಂತ ಹೇಗೆ ಹೇಳುವುದು? ಸ್ಟೆಡ್‌ಮನ್ ಇದಕ್ಕೆ ಹುಡುಕಿದ ದಾರಿ ನನಗೆ ತುಂಬಾ ಇಷ್ಟ. ಸಾರಿಗೆ ನೀರು ಜಾಸ್ತಿ ಬಿದ್ದರೆ ಉಪ್ಪೂ ಕಮ್ಮಿ ಅನ್ನಿಸುತ್ತದೆ, ಹುಳಿಯೂ ಕಮ್ಮಿ ಅನ್ನಿಸುತ್ತದೆ. ಆದರೆ ಉಪ್ಪಿಗೂ ಹುಳಿಗೂ ಇರುವ ಪ್ರಮಾಣ ಬದಲಾಗುವುದಿಲ್ಲ. ಹಾಗೆಯೇ ಹೊಗೆ ಎಷ್ಟೇ ತೆಳುವಾದರೂ ಅದರಲ್ಲಿ ಕಾರ್ಬನ್ ಡೈಆಕ್ಸೈಡಿಗೆ ನಾಕ್ಸ್ ಎಷ್ಟು ಎನ್ನುವ ಪ್ರಮಾಣ ಹಾಗೇ ಉಳಿಯುತ್ತದೆ. ಒಂದು ಕೆಜಿ ಇಂಧನ ಉರಿದರೆ ಕಾರ್ಬನ್ ಎಷ್ಟು ಬರುತ್ತದೆ ಎನ್ನುವುದು ಗೊತ್ತು. ಅಲ್ಲಿಂದ ಕೆಜಿ ಇಂಧನಕ್ಕೆ ಇಷ್ಟು ಗ್ರಾಂ ನಾಕ್ಸ್ ಎಂದು ಲೆಕ್ಕ ಹಾಕುತ್ತಾರೆ.

ಆ ಕಾಲದಲ್ಲಿ ಅವರಿಗೆ ಸಿಕ್ಕಿದ ದೊಡ್ಡ ಸತ್ಯ ಏನೆಂದರೆ, ರಸ್ತೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿನ ಅರ್ಧದಷ್ಟನ್ನು ಬಿಡುತ್ತಿದ್ದದ್ದು ಹತ್ತರಲ್ಲಿ ಒಂದು ಗಾಡಿ. ಮಿಕ್ಕ ಒಂಬತ್ತನ್ನು ಸಾಲಲ್ಲಿ ನಿಲ್ಲಿಸಿ ಪರೀಕ್ಷಿಸುವುದರಿಂದ ಹೆಚ್ಚೇನೂ ಗಿಟ್ಟುವುದಿಲ್ಲ.

ಇದೇ ಯಂತ್ರವನ್ನು 2022ರ ಕೊನೆಯಿಂದ 2023ರ ಏಪ್ರಿಲ್‌ವರೆಗೆ ದೆಹಲಿ ಮತ್ತು ಗುರುಗ್ರಾಮದ 20 ಜಾಗಗಳಲ್ಲಿ ಇಟ್ಟರು. ಮಾಡಿದ್ದು ಮತ್ತೆ ಐಸಿಸಿಟಿ, ಅದರ ಟ್ರೂ ಎಂಬ ಯೋಜನೆಯಡಿ. ಲಕ್ಷಕ್ಕೂ ಹೆಚ್ಚು ಗಾಡಿಗಳ ಅಳತೆ ಸಿಕ್ಕಿತು. 2024ರಲ್ಲಿ ಬಂದ ವರದಿಯಲ್ಲಿ ಸಂತೋಷದ ಸುದ್ದಿಯೂ ಇತ್ತು. ಬಿಎಸ್-4ಕ್ಕೆ ಹೋಲಿಸಿದರೆ ಬಿಎಸ್-6 ಖಾಸಗಿ ಕಾರುಗಳ ನಾಕ್ಸ್ ಶೇ 81ರಷ್ಟು, ಬಸ್ಸುಗಳದ್ದು ಸುಮಾರು ಶೇ 95ರಷ್ಟು ಕಡಿಮೆ. ಅಂದರೆ ಬಿಎಸ್-6 ಬರೀ ಕಾಗದದ ಮೇಲಿನ ಸುಧಾರಣೆ ಅಲ್ಲ. ಇದನ್ನು ಒಪ್ಪಿಕೊಳ್ಳಬೇಕು.

ಬೇಜಾರಿನ ಸುದ್ದಿ ಹಳದಿ ಬೋರ್ಡಿನದು. ಅದೇ ಬಿಎಸ್-6 ಮುದ್ರೆ ಹೊತ್ತ ಟ್ಯಾಕ್ಸಿಗಳು ಖಾಸಗಿ ಕಾರಿನ 2.4 ಪಟ್ಟು ನಾಕ್ಸ್ ಬಿಡುತ್ತಿದ್ದವು. ಸಣ್ಣ ಗೂಡ್ಸ್ ಗಾಡಿಗಳು 5 ಪಟ್ಟು. ಇನ್ನೂ ಮುಜುಗರದ ವಿಷಯ ಸಿಎನ್‌ಜಿಯದು. ಶುದ್ಧ ಇಂಧನ ಎಂದು ನಾವೆಲ್ಲ ನಂಬಿಕೊಂಡ ಅದೇ ಸಿಎನ್‌ಜಿ. ಕೆಲವು ಬಗೆಯ ಸಿಎನ್‌ಜಿ ಗೂಡ್ಸ್ ಗಾಡಿಗಳ ನಾಕ್ಸ್ ಪ್ರಯೋಗಾಲಯದ ಮಿತಿಯ 14 ಪಟ್ಟಿನವರೆಗೆ ಹೋಗಿತ್ತು. ಸಿಎನ್‌ಜಿ ಕಪ್ಪು ಹೊಗೆ ಬಿಡುವುದಿಲ್ಲ, ಅದು ನಿಜ. ಡೀಸೆಲ್ ಹೊಗೆಯಲ್ಲಿ ಮುಳುಗಿದ್ದ ದೆಹಲಿಯ ಬಸ್ಸುಗಳನ್ನು ಸಿಎನ್‌ಜಿಗೆ ತಿರುಗಿಸಿದ್ದು ಆ ಕಾಲಕ್ಕೆ ಸರಿಯಾದ ಕೆಲಸವೇ. ಆದರೆ ಹೊಗೆ ಕಾಣದಿದ್ದರೆ ಗಾಳಿ ಶುದ್ಧ ಎಂಬ ಲೆಕ್ಕ ತಪ್ಪು. ಎಂಜಿನ್ ಒಳಗೆ ಬಿಸಿ ಇದ್ದೇ ಇರುತ್ತದೆ, ನಾಕ್ಸ್ ಹುಟ್ಟೇ ಹುಟ್ಟುತ್ತದೆ. ಅದನ್ನು ಅಳಿಸಬೇಕಾದದ್ದು ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್. ದಿನಕ್ಕೆ ಇನ್ನೂರು ಮುನ್ನೂರು ಕಿಲೋಮೀಟರ್ ಓಡುವ ಗಾಡಿಯಲ್ಲಿ ಅದು ಬೇಗ ಸವೆಯುತ್ತದೆ. ಸವೆದರೆ ಗಾಡಿ ನಿಲ್ಲುವುದಿಲ್ಲ, ಮೈಲೇಜ್ ಇಳಿಯುವುದಿಲ್ಲ, ಡ್ರೈವರಿಗೆ ಏನೂ ಗೊತ್ತಾಗುವುದಿಲ್ಲ. ಬದಲಿಸಲು ದುಡ್ಡು ಮಾತ್ರ ಜಾಸ್ತಿ. ಕಂತು ಕಟ್ಟುತ್ತಿರುವ ಟ್ಯಾಕ್ಸಿಯವರು ಯಾಕೆ ಬದಲಿಸುತ್ತಾರೆ?

ಹಾಂಗ್‌ಕಾಂಗ್‌ಗೆ ಇದೇ ತಲೆನೋವಿತ್ತು. ಅಲ್ಲಿನ ಟ್ಯಾಕ್ಸಿಗಳು, ಮಿನಿಬಸ್ಸುಗಳು ಬಹುಪಾಲು ಎಲ್‌ಪಿಜಿಯವು. ಸರ್ಕಾರ ಮೊದಲು ತನ್ನ ಖರ್ಚಿನಲ್ಲಿ ಅವುಗಳ ಕನ್ವರ್ಟರ್ ಬದಲಿಸಲು ನೆರವಾಯಿತು. ಆಮೇಲೆ 2014ರ ಸೆಪ್ಟೆಂಬರ್ 1ರಿಂದ ರಸ್ತೆಬದಿಯ ಯಂತ್ರ ಹಿಡಿದು ನಿಂತಿತು. ಒಂದೇ ಯಂತ್ರದ ಅಳತೆ ನಂಬಿ ಯಾರನ್ನೂ ಹಿಡಿಯುವುದಿಲ್ಲ. ಸಾಲಾಗಿ ಎರಡು ಯಂತ್ರ ಇಟ್ಟಿರುತ್ತಾರೆ, ಎರಡರಲ್ಲೂ ಮಿತಿ ಮೀರಿದರೆ ಮಾತ್ರ ಮಾಲೀಕರಿಗೆ ನೋಟಿಸು. ಅವರು 12 ಕೆಲಸದ ದಿನಗಳೊಳಗೆ ಗಾಡಿ ರಿಪೇರಿ ಮಾಡಿಸಿ ರೋಲರಿನ ಮೇಲೆ ಪರೀಕ್ಷೆ ಪಾಸು ಮಾಡಬೇಕು. ಇಲ್ಲದಿದ್ದರೆ ಗಾಡಿಯ ಲೈಸೆನ್ಸ್ ರದ್ದಾಗಬಹುದು. ಮೊದಲು ನೆರವು, ಆಮೇಲೆ ದಂಡ ಎನ್ನುವ ಈ ಸಾಲನ್ನು ನಮ್ಮವರು ಗಮನಿಸಬೇಕು. ನಮ್ಮಲ್ಲಿ ಉಲ್ಟಾ ಆಗುವುದೇ ಹೆಚ್ಚು.

ಬಸ್ಸಿನ ಕತೆ ಸ್ವಲ್ಪ ಬೇರೆ. ಬಸ್, ಲಾರಿಗಳಲ್ಲಿ ಇಡೀ ಗಾಡಿಯ ಬದಲು ಎಂಜಿನ್ ಒಂದನ್ನೇ ಬೆಂಚಿನ ಮೇಲೆ ಇಟ್ಟು ಪರೀಕ್ಷಿಸುವುದು ವಾಡಿಕೆ. ಬಿಎಸ್-6 ಡೀಸೆಲ್ ಬಸ್ಸುಗಳಲ್ಲಿ ನಾಕ್ಸ್ ಅಳಿಸಲು ಯೂರಿಯಾ ನೀರು ಬಳಸುತ್ತಾರೆ. ಬಂಕುಗಳಲ್ಲಿ ಆಡ್‌ಬ್ಲೂ ಎಂದು ಕ್ಯಾನಿನಲ್ಲಿ ಸಿಗುವುದು ಇದೇ. ಈ ವ್ಯವಸ್ಥೆ ಚೆನ್ನಾಗಿ ಕೆಲಸ ಮಾಡಬೇಕಾದರೆ ಹೊಗೆಯ ಬಿಸಿ ಸುಮಾರು 200 ಡಿಗ್ರಿ ದಾಟಬೇಕು. ತುಮಕೂರು ರಸ್ತೆಯಲ್ಲಿ ಓಡುವ ಬಸ್ಸಿಗೆ ಅದು ಸುಲಭ. ಅರ್ಧ ಕಿಲೋಮೀಟರಿಗೊಂದು ಸ್ಟಾಪು, ನಡುವೆ ಎರಡು ಸಿಗ್ನಲ್ ಇರುವ ಸಿಟಿ ಬಸ್ಸಿಗೆ ಕಷ್ಟ. ಊರೂರಿನ ಟ್ರಾಫಿಕ್ ಲೆಕ್ಕ ಇಡುವ ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಂತೆ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಹೋಗಲು 34 ನಿಮಿಷ ಬೇಕು. ಗಾಡಿ ನಿಧಾನವಾದಷ್ಟೂ ಹೊಗೆಯ ಬಿಸಿ ಇಳಿಯುತ್ತದೆ, ಯೂರಿಯಾ ಕೆಲಸ ನಿಲ್ಲಿಸುತ್ತದೆ. ಟ್ರಾಫಿಕ್ ಜಾಮ್ ಎನ್ನುವುದು ಬರೀ ಸಮಯದ ನಷ್ಟ ಅಲ್ಲ.

ಸ್ಕಾಟ್‌ಲೆಂಡಿನಲ್ಲಿ ಇದರ ಪಾಠ ಸಿಕ್ಕಿತು. ಹಳೆಯ ಡೀಸೆಲ್ ಬಸ್ಸುಗಳಿಗೆ ನಾಕ್ಸ್ ಅಳಿಸುವ ಉಪಕರಣ ಕೂರಿಸಿ, ಹೊಸ ಬಸ್ಸಿಗೆ ಸಮ ಎಂದು ಸರ್ಟಿಫಿಕೇಟ್ ಕೊಟ್ಟಿದ್ದರು. ಗ್ಲಾಸ್ಗೊ, ಎಡಿನ್‌ಬರೊದ ರಸ್ತೆಬದಿಯಲ್ಲಿ ಅಳೆದಾಗ ಎಷ್ಟೋ ಬಸ್ಸುಗಳಲ್ಲಿ ಅಂದುಕೊಂಡಷ್ಟು ಇಳಿಕೆ ಕಾಣಲಿಲ್ಲ. 2023ರಲ್ಲಿ ಇಂಗ್ಲೆಂಡು ಆ ಬಗೆಯ ಕೆಲಸಕ್ಕೆ ಹೊಸ ಹಣ ಕೊಡುವುದನ್ನೇ ನಿಲ್ಲಿಸಿತು. ಅಳೆಯದೆ ಹೋಗಿದ್ದರೆ ಆ ಬಸ್ಸುಗಳೆಲ್ಲ ಇಂದಿಗೂ ಕಾಗದದಲ್ಲಿ ಶುದ್ಧವಾಗಿಯೇ ಇರುತ್ತಿದ್ದವು. ಹಾಗಂತ ಬಸ್ಸನ್ನು ದೂರಬೇಡಿ. ಅರವತ್ತು ಜನರನ್ನು ಹೊತ್ತ ಬಸ್ಸಿನ ಹೊಗೆಯನ್ನು ಒಬ್ಬರೇ ಕೂತ ಕಾರಿನ ಪಕ್ಕ ಇಟ್ಟು ನೋಡುವುದು ನ್ಯಾಯವಲ್ಲ. ಬಿಎಂಟಿಸಿಯಲ್ಲಿ ಈಗ ಸಾವಿರಕ್ಕೂ ಹೆಚ್ಚು ಎಲೆಕ್ಟ್ರಿಕ್ ಬಸ್ಸುಗಳಿವೆ. ಅವುಗಳಿಗಂತೂ ಸೈಲೆನ್ಸರೇ ಇಲ್ಲ.

ರಸ್ತೆಬದಿಯ ಯಂತ್ರವನ್ನು ನಾಳೆಯೇ ಬೆಂಗಳೂರಿಗೆ ತಂದರೆ ಎಲ್ಲ ಸರಿಹೋಗುತ್ತದೆ ಎಂದೇನೂ ಅಲ್ಲ. ಕಿರಣದ ಮುಂದೆ ಒಂದು ಸಲಕ್ಕೆ ಒಂದೇ ಗಾಡಿ ಹೋಗಬೇಕು. ನಮ್ಮಲ್ಲಿ ಕಾರಿನ ಎರಡೂ ಬದಿಗೆ ಬೈಕು, ಮುಂದೊಂದು ಆಟೊ. ಯಾರ ಹೊಗೆ ಯಾರದ್ದೋ. ಮಳೆ ಬಂದರೆ ಯಂತ್ರ ಮುಚ್ಚಿಡಬೇಕು. ಬೈಕಿನ ಹೊಗೆ ಸಣ್ಣದು, ಹಿಡಿಯುವುದು ಕಷ್ಟ. ಅರ್ಧ ಸೆಕೆಂಡಿನ ಅಳತೆಯಿಂದ ಒಂದು ಗಾಡಿಯ ಜಾತಕ ಬರೆಯಲೂ ಬಾರದು. ಡ್ರೈವರ್ ಆಗಷ್ಟೇ ಗೇರ್ ಬದಲಿಸಿರಬಹುದು.

ಆದರೆ ಒಂದೇ ಮಾದರಿಯ ಐನೂರು ಗಾಡಿಗಳ ಅಳತೆ ಕೈಯಲ್ಲಿದ್ದರೆ ಮಾತೇ ಬೇರೆ. ಐನೂರು ಡ್ರೈವರುಗಳು ಒಟ್ಟಿಗೆ ತಪ್ಪಾಗಿ ಗೇರ್ ಹಾಕಿರುವುದಿಲ್ಲ, ಅಲ್ವಾ? ನಂಬರ್ ಪ್ಲೇಟು ಸಿಕ್ಕರೆ ಸರ್ಕಾರದ ‘ವಾಹನ್’ ನೋಂದಣಿ ದಾಖಲೆಯಲ್ಲಿ ಮಾದರಿ, ಇಂಧನ, ತಯಾರಾದ ವರ್ಷ, ಬಿಎಸ್ ಹಂತ ಎಲ್ಲವೂ ಸಿಗುತ್ತದೆ. ಒಂದೇ ಗಾಡಿ ಕೆಟ್ಟಿದ್ದರೆ ಅದರ ಮಾಲೀಕರಿಗೆ ಒಂದು ಕಾಗದ. ಇಡೀ ಮಾದರಿಯೇ ಕೆಟ್ಟಿದ್ದರೆ ಕಾಗದ ಹೋಗಬೇಕಾದ ವಿಳಾಸ ಕಂಪನಿಯದು. ಪರಿಸರಕ್ಕೆ ಹಾನಿ ಮಾಡುವ ದೋಷ ಕಂಡರೆ ಗಾಡಿಗಳನ್ನು ವಾಪಸು ಕರೆಸುವ ಅಧಿಕಾರ 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ, 110ಎ ಸೆಕ್ಷನ್. ಅದನ್ನು ಬಳಸಲು ಬೇಕಾದ ಸಾಕ್ಷ್ಯವನ್ನು ಬಂಕಿನ ಮೂಲೆಯ ಪರೀಕ್ಷೆ ಎಂದೂ ಕೊಡಲಾರದು.

ಜಾಗ ಹುಡುಕುವುದು ಅಷ್ಟೇನೂ ಕಷ್ಟವಲ್ಲ. ಒಂದೇ ಲೇನು ಇರಬೇಕು, ಸ್ವಲ್ಪ ಏರು ಇರಬೇಕು, ಗಾಡಿಗಳು ಎಕ್ಸಲರೇಟರ್ ಒತ್ತಿ ಹತ್ತುತ್ತಿರಬೇಕು. ಫ್ಲೈಓವರ್ ಹತ್ತುವ ರ‍್ಯಾಂಪುಗಳು ಈ ಊರಿನಲ್ಲಿ ಬೇಕಾದಷ್ಟಿವೆ.